ನಮ್ಮತ್ತೆ ಓದಿದ ಸಮಾಜಶಾಸ್ತ್ರ

ನಮ್ಮ ಅಕ್ಕಿಆಲೂರಿನ ಮನೆಗೆ ನೆಂಟರು ಬರುವುದು ಕಡಿಮೆಯಾಗಿದ್ದಕ್ಕೆ ವಿಶ್ವವಿದ್ಯಾಲಯವೇ ಕಾರಣ. ಅಪ್ಪನ ತಂಗಿ, ಅಂದರೆ ನಮ್ಮತ್ತೆ, ಅಲ್ಲಿಂದ ಸಮಾಜಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಬಂದಳು. ಅಂದಿನಿಂದ ಆಕೆಯೊಡನೆ ಬರೀ ಕುಶಲ ಮಾತಾಡಿ ಪಾರಾದವರಿಲ್ಲ. "ಆರಾಮ ಅದೀರೇನ್ರಿ?" ಎಂದು ಶುರುವಾದದ್ದು ಚಹಾ ಆರುವಷ್ಟರಲ್ಲಿ "ಹೊಲ ಯಾರ ಹೆಸರಿಗೈತ್ರಿ? ಅಕ್ಕತಂಗ್ಯಾರ ಕಡಿಂದ ಸಹಿ ಹಾಕಿಸ್ಕೊಂಡ್ರೇನು?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಇನ್ನೊಂದು ಕಪ್ಪಿಗೆ ಯಾರು ಕೂರುತ್ತಾರೆ?

ಆಕೆ ಓದಲು ಹೊರಟಾಗಲೇ ಅಜ್ಜಿ ತಕರಾರು ತೆಗೆದಿದ್ದಳು. "ಮಂದಿ ಹೆಂಗ ಬಾಳೇವು ಮಾಡ್ತಾರಂತ ನೋಡಾಕ ಧಾರವಾಡಕ್ಕ ಯಾಕ ಹೋಗಬೇಕು? ನಮ್ಮ ಕಟ್ಟಿ ಮ್ಯಾಲ ಕುಂತ್ರ ಸಾಕು."

ಲಗ್ನವೊಂದರಲ್ಲಿ ದೂರದ ಕಾಕಾ ಒಬ್ಬರು, "ಸಮಾಜಶಾಸ್ತ್ರ ಅಂದ್ರ ಯಾವ ಸಮಾಜದ್ದವಾ? ನಮ್ಮದೋ, ಅವರದೋ?" ಎಂದು ವಿಚಾರಿಸಿದರು. ಅತ್ತೆ ಕೈ ಮುಗಿದು, "ಕಾಕಾ, ಎರಡು ವರ್ಷದ ಪಾಠ ನೀವು ಒಂದ ಮಾತಿನ್ಯಾಗ ಮುಗಿಸಿದ್ರಿ" ಎಂದಳು. ಕಾಕಾ ಅದನ್ನು ಹೊಗಳಿಕೆ ಎಂದುಕೊಂಡು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಹಿರೇಕೆರೂರಿನಿಂದ ಗಂಡಿನವರು ಅತ್ತೆಯನ್ನು ನೋಡಲು ಬಂದರು. ಹುಡುಗ ತಲೆ ಬಗ್ಗಿಸಿ ಉಪ್ಪಿಟ್ಟು ತಿನ್ನುತ್ತಿದ್ದ. ಅತ್ತೆ ಅವನ ತಾಯಿಯನ್ನು ಕೇಳಿದಳು: "ನಿಮ್ಮ ಮನ್ಯಾಗ ಎಲ್ಲಾರಕಿಂತ ಕಡೀಕ ಉಣ್ಣೋರು ಯಾರ್ರಿ?"

"ನಾನ ನೋಡವಾ. ಇನ್ನ ಮ್ಯಾಲ ಸೊಸಿ ಬರ್ತಾಳಲ್ಲ."

"ತಿಳಸ್ತೇವ್ರಿ" ಎಂದು ಅತ್ತೆ ಎದ್ದೇಬಿಟ್ಟಳು. ಗಂಡಿನವರು ಹೇಳಬೇಕಾದ ಮಾತನ್ನು ಹೆಣ್ಣು ಹೇಳಿದ್ದು ಆ ವಾರದ ಸಂತೆಯಲ್ಲಿ ಕೊತ್ತಂಬರಿಗಿಂತ ಬೇಗ ಖರ್ಚಾಯಿತು.

ಇನ್ನು ನೌಕರಿ? ಈ ಓದಿಗೆ ಕಾಲೇಜಿನಲ್ಲಿ ಪಾಠ ಹೇಳಬಹುದು, ಸರ್ಕಾರಿ ಪರೀಕ್ಷೆ ಕಟ್ಟಬಹುದು ಎಂದು ಅಪ್ಪ ಯಾರ ಬಳಿಯೋ ಕೇಳಿಕೊಂಡು ಬಂದ. ಅತ್ತೆ ಸೇರಿದ್ದು ಸವಣೂರಿನ ಒಂದು ಸಂಸ್ಥೆಗೆ. ಮನೆ ಮನೆಗೆ ಹೋಗಿ ಹೆಣ್ಣುಮಕ್ಕಳ ಕಷ್ಟಸುಖ ವಿಚಾರಿಸುವ ಕೆಲಸ.

"ಇಷ್ಟ ದಿನ ಪುಕ್ಕಟ ಕೇಳ್ತಿದ್ಲು. ಈಗ ಪಗಾರ ತಗೊಂಡು ಕೇಳ್ತಾಳ" ಎಂದಳು ಅಜ್ಜಿ.

ಮೊದಲ ದಿನವೇ ಅಲ್ಲಿನ ಟೇಲರ್ ಒಬ್ಬರ ಮುದಿ ತಾಯಿ ಅತ್ತೆಯ ಕೈ ಹಿಡಿದು ಕೂರಿಸಿದರಂತೆ. "ಮೊದಲ ನಾ ಕೇಳ್ತೇನಿ ಬೇಟಿ. ಶಾದಿ ಆಗೇತೇನು? ಯಾಕ ಆಗಿಲ್ಲ? ನಿನಗ ಜಡ್ಡಾದ್ರ ಗಂಜಿ ಯಾರು ಕಾಸ್ತಾರ?" ಅತ್ತೆ ಎಲ್ಲಕ್ಕೂ ಉತ್ತರ ಕೊಟ್ಟು, ತಾನು ಒಂದನ್ನೂ ಕೇಳದೆ ವಾಪಸು ಬಂದಳು. ಸಂಜೆ ಅದನ್ನು ಹೇಳಿದಾಗ ನಾವೆಲ್ಲ ನಕ್ಕೆವು. ಅಜ್ಜಿ ನಗಲಿಲ್ಲ.

"ಊರ ಮಂದೀನೆಲ್ಲಾ ಕೇಳ್ತಿ. ನನಗ ಒಂದರ ಕೇಳಿಯೇನ?"

ಅತ್ತೆ ಅಜ್ಜಿಯ ಪಕ್ಕಕ್ಕೆ ಹೋಗಿ ಕುಳಿತಳು. "ಸಣ್ಣಾಕಿ ಇದ್ದಾಗ ನಿನಗ ಏನ ಆಗಬೇಕಂತಿತ್ತವ್ವಾ?"

ಅಜ್ಜಿ ಸೆರಗು ಸರಿಮಾಡಿಕೊಂಡಳು. "ಕಂಡಕ್ಟರ್. ಯಾರನ್ನೂ ಕೇಳದ ದಿನಾ ಮನಿ ಬಿಟ್ಟು ಹೋಗಬಹುದಿತ್ತು."



ಆ ಭಾನುವಾರ ಅವರಿಬ್ಬರೂ ಶಿಗ್ಗಾಂವಿಯ ಬಸ್ಸು ಹತ್ತಿದರು. ಕಂಡಕ್ಟರ್ ಹೆಣ್ಣುಮಗಳು, ಅಜ್ಜಿ ದಾರಿಯುದ್ದಕ್ಕೂ ಅವಳನ್ನೇ ನೋಡುತ್ತಿದ್ದಳಂತೆ. ಶಿಗ್ಗಾಂವಿಯಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಚಹಾ ಕುಡಿದು ತಿರುಗಿ ಬಂದರು.

"ಹೇಳದ ಕೇಳದ ಎಲ್ಲಿಗೆ ಹೋಗಿದ್ದಿಬೇ ಯವ್ವಾ?" ಎಂದು ಅಪ್ಪ ಬಾಗಿಲಲ್ಲೇ ತಡೆದ.

ಅಜ್ಜಿ ಚಪ್ಪಲಿ ಬಿಡುತ್ತ, "ಡ್ಯೂಟಿಗೆ" ಎಂದಳು.