ಪಂಪಣ್ಣ ಮಾಸ್ತರರ ಉಪಮೆ

ಪುಸ್ತಕದಲ್ಲಿದ್ದ ‘ಚಂದ್ರನಂತಹ ಮುಖ’ ಪಂಪಣ್ಣ ಮಾಸ್ತರರಿಗೆ ಸಾಕಾಗಿ ಹೋಗಿತ್ತು. ಇವತ್ತು ಪಾಠ ನೋಡಲು ಕೊಪ್ಪಳದಿಂದ ಸಾಹೇಬರು ಬರುವವರಿದ್ದರು. ಮರಳಿಯ ಹೈಸ್ಕೂಲಿನಲ್ಲಿ ಪಂಪಣ್ಣ ಬರೀ ಅತಿಥಿ ಶಿಕ್ಷಕ; ಸಾಹೇಬರು ಮೆಚ್ಚಿ ಸಹಿ ಹಾಕಿದರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಕಾರಟಗಿಯ ರೈಸ್ ಮಿಲ್ಲಿನಲ್ಲಿ ಚೀಲ ಹೊರುವುದೇ ಗತಿ. ಅದಕ್ಕೇ ಉಪಮಾಲಂಕಾರಕ್ಕೆ ಹೊಸ ಉದಾಹರಣೆ ಹುಡುಕುತ್ತ ಕಟ್ಟೆಯ ಮೇಲೆ ಕೂತಿದ್ದರು.

ಗದ್ದೆಯ ಮಂಜು ಅಂದು ಓಣಿಯೊಳಗೂ ನುಗ್ಗಿತ್ತು. ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಎದುರು ಮನೆಯ ಮಾರೆವ್ವ ಎಮ್ಮೆ ಹಿಂಡುತ್ತಿದ್ದಳು.

“ಸಿಕ್ತು!” ಎಂದರು ಮಾಸ್ತರರು. “ಮಾರೆವ್ವಕ್ಕ, ನಿನ್ನ ಎಮ್ಮಿ ಕರಿಕಲ್ಲಿನಂಗ ಐತಿ ನೋಡು!”

ಹಾಲಿನ ಸದ್ದು ಥಟ್ಟನೆ ನಿಂತಿತು. ಎಮ್ಮೆಯ ಬಾಲ ಎತ್ತಿದಲ್ಲೇ ಉಳಿಯಿತು. ಮಾರೆವ್ವ ಅದರ ಹೊಟ್ಟೆಯ ಮೇಲೆ ಕೈಯಿಟ್ಟಳು, ತಣ್ಣಗೆ ಕೊರೆಯಿತು. ತಂಬಿಗೆಯಿಂದ ಬಡಿದರೆ ಠಣ್ ಎಂದಿತು.

“ಯಪ್ಪಾ, ಏನ್ ಮಾಡಿದ್ರಿ ಮಾಸ್ತರ! ನಿಮ್ದು ಕರಿನಾಲಿಗಿ ಐತಿ. ಆಡಿದ್ದು ಹಂಗ ಆಗ್ತೈತಿ. ನಾಲಿಗಿ ಹೊರಗ ತಗೀರಿ, ನೋಡೂನು!”

ಊರಿನ ಎಲ್ಲ ಉಸಾಬರಿ ತನ್ನದೇ ಎಂದುಕೊಂಡಿದ್ದ ಹೇಮಪ್ಪ ಬೈಕು ನಿಲ್ಲಿಸಿದ. “ಸುಮ್ನಿರ ಬೇ, ಎಮ್ಮಿಗೆ ಥಂಡಿ ಹಿಡದೈತಿ. ಹತ್ರಿ ಮಾಸ್ತರ, ಸಾಲಿಗೆ ಬಿಡ್ತೀನಿ.”

ಬೈಕಿನ ಹಿಂದೆ ಸುಮ್ಮನೆ ಕೂತಿದ್ದರೆ ಆಗುತ್ತಿತ್ತು. ಆದರೆ ಮಾಸ್ತರರ ಬಾಯಿ ಕೇಳಬೇಕಲ್ಲ! “ಹೇಮಪ್ಪ, ನಿನ್ನ ಗಾಡಿ ಗಾಳಿ ಇದ್ದಂಗ ಐತೆಲ್ಲೊ!”

ಮರುಕ್ಷಣ ಇಬ್ಬರೂ ರಸ್ತೆಯ ಮೇಲೆ ಕುಕ್ಕರಿಸಿದ್ದರು. ಗಾಡಿ ಇರಲಿಲ್ಲ. ಪೆಟ್ರೋಲಿನ ವಾಸನೆಯ ಒಂದು ಗಾಳಿ ಭತ್ತದ ಗದ್ದೆಯ ಕಡೆ ಸುಯ್ ಎಂದು ಹೋಯಿತು. ಹೇಮಪ್ಪ ಇನ್ನೂ ಹ್ಯಾಂಡಲ್ ಹಿಡಿದವನ ಹಾಗೆ ಕೈ ಚಾಚಿಕೊಂಡೇ ಇದ್ದ.

“ನನಗೇನರ ಅಂದ್ರ ನೋಡ್ರಿ ಮತ್ತ!” ಎನ್ನುತ್ತ ಕಿವಿ ಮುಚ್ಚಿಕೊಂಡು ಊರ ಕಡೆ ಓಡಿದ.

ತರಗತಿಯಲ್ಲಿ ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕಿಟಕಿಯಾಚೆ ಮಾರೆವ್ವ ಎಮ್ಮೆಯಿಲ್ಲದ ಬರೀ ಹಗ್ಗ ಹಿಡಿದು ನಿಂತಿದ್ದಳು. ಒಂದನ್ನು ಇನ್ನೊಂದಕ್ಕೆ ಹೋಲಿಸುವುದೇ ಉಪಮೆ ಎಂದು ಹೇಳಿ ಮಾಸ್ತರರು ನಿಂತುಬಿಟ್ಟರು.

“ಉದಾಹರಣಿ ಕೊಡ್ರಿ,” ಎಂದರು ಸಾಹೇಬರು.

ಮುಂದಿನ ಬೆಂಚಿನ ರಂಜಿತಾ ತಲೆಯೆತ್ತಿದಳು. ಮಾಸ್ತರರ ನಾಲಿಗೆಯ ತುದಿಗೆ ಪುಸ್ತಕದ ಚಂದ್ರ ಬಂದ. ಜೊತೆಗೇ ಕಣ್ಣಿಲ್ಲದ, ಮೂಗಿಲ್ಲದ, ಬೆಳ್ಳಗೆ ಹೊಳೆಯುವ ಒಂದು ದುಂಡು ಮುಖ ಕಣ್ಮುಂದೆ ಸುಳಿಯಿತು.

“ರಂಜಿತಾಳ ಮುಖ... ರಂಜಿತಾಳ ಮುಖದಂತೆ ಇದೆ.”

ಹುಡುಗರು ಕಿಸಕ್ಕೆಂದರು. ಸಾಹೇಬರು ಮಾತ್ರ ಎದ್ದೇ ಬಂದರು. “ಭಲೇ! ವಸ್ತುವನ್ನ ಅದಕ್ಕೇ ಹೋಲಿಸೋದು! ಇದಕ್ಕ ಅನನ್ವಯ ಅಂತಾರ. ಬಿ.ಎ. ಓದಿದವರಿಗೂ ಬರಂಗಿಲ್ಲ ಇದು. ತರ್ರಿ ಕಾಗದ, ಸಹಿ ಮಾಡ್ತೀನಿ.”

ಪೆನ್ನು ಕಾಗದದ ಹತ್ತಿರ ಬಂತು. ಪಂಪಣ್ಣನವರ ಕಣ್ಣು ತುಂಬಿ ಬಂದವು, ಬಾಯಿ ಜಾರಿತು. “ಸಾಹೇಬ್ರ, ನೀವು ನನ್ನ ಪಾಲಿಗೆ ದೇವರಿದ್ದಂಗ್ರಿ!”

ಪೆನ್ನು ಅಲ್ಲೇ ನಿಂತಿತು. ಸಾಹೇಬರ ರೆಪ್ಪೆ ಬಡಿಯಲಿಲ್ಲ. ತುಟಿಯ ಮೇಲೆ ಅಲುಗದ ಸಣ್ಣ ನಗೆ. ಅವರ ಕೈ ಮುಟ್ಟಿ ನೋಡಿದರೆ ಕಲ್ಲಾಗಿತ್ತು. ಯಾರೂ ಹಚ್ಚದ ಕರ್ಪೂರದ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಹುಡುಗರು ಎದ್ದು ನಿಂತರು.

ಮಾರೆವ್ವ ಕಿಟಕಿಯಿಂದಲೇ ಕೈಮುಗಿದಳು. “ನಮ್ಮ ಎಮ್ಮಿ ಎದ್ದರ ಕಾಯಿ ಒಡಸ್ತೀನಪ್ಪಾ, ಸಾಹೇಬಾ!”

ಪಂಪಣ್ಣನವರಿಗೆ ಆಗ ಸಾಹೇಬರೇ ಹೇಳಿದ ಅನನ್ವಯ ನೆನಪಾಯಿತು. ಕಣ್ಣು ಮುಚ್ಚಿ ಕೂಗಿದರು: “ಸಾಹೇಬ್ರು... ಸಾಹೇಬ್ರಂಗ ಅದಾರ!”

ಸಾಹೇಬರು ಕೆಮ್ಮಿದರು. ಕನ್ನಡಕ ಸರಿಪಡಿಸಿಕೊಂಡರು. ಕಾಗದವನ್ನು ಹಿಂದೆ ಮುಂದೆ ತಿರುವಿ ನೋಡಿ, ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು.

“ಹಿಂಗ ಸಹಿ ಮಾಡಾಕ ಬರಂಗಿಲ್ರಿ. ಮ್ಯಾಲಿನವರನ್ನ ಕೇಳಬೇಕು. ಮುಂದಿನ ವಾರ ಕೊಪ್ಪಳಕ್ಕ ಬರ್ರಿ, ನಾ ಇದ್ರ ನೋಡೂನು.”