ಎಂಟು ಗಂಟೆಯ ಕ್ಲಾಸು ಮತ್ತು ನನ್ನ ಸರ್ಕಾರ

ರಾಜ್ಯಶಾಸ್ತ್ರ ಓದುವವರಿಗೆ ರಾಜಕೀಯ ತಿಳಿದಿರುತ್ತದೆ ಎಂದು ಜನ ನಂಬಿರುವುದೇ ನನ್ನಂಥವರ ದೊಡ್ಡ ಕಷ್ಟ. ಸಸ್ಯಶಾಸ್ತ್ರ ಓದುವವಳನ್ನು ಯಾರೂ ರಸ್ತೆಯಲ್ಲಿ ನಿಲ್ಲಿಸಿ ಈ ಸಲ ಮೆಣಸಿನಕಾಯಿ ಬೆಳೆ ಹೇಗೆ ಎಂದು ಕೇಳುವುದಿಲ್ಲ. ನನ್ನನ್ನು ಮಾತ್ರ ಹುಬ್ಬಳ್ಳಿಯ ಕಮರಿಪೇಟೆಯ ನಮ್ಮ ಓಣಿಯಲ್ಲಿ ಕಂಡಕಂಡವರೆಲ್ಲ ಕೇಳುತ್ತಾರೆ: "ಏನವಾ ವೀಣಾ, ಈ ಸರ್ಕಾರ ಐದು ವರ್ಷ ಪೂರಾ ನಡೀತೈತೇನು?" ನಾನಿರುವುದು ಎಂ.ಎ. ಮೊದಲ ವರ್ಷದಲ್ಲಿ. ಪ್ರಾಚೀನ ಗ್ರೀಸಿನಲ್ಲಿ ಯಾರು ಮತ ಹಾಕುತ್ತಿದ್ದರು, ಯಾರಿಗೆ ಹಾಕಲು ಬಿಡುತ್ತಿರಲಿಲ್ಲ ಎಂಬುದನ್ನು ನಿದ್ದೆಗಣ್ಣಿನಲ್ಲಿ ಬೇಕಾದರೂ ಹೇಳಬಲ್ಲೆ. ನಮ್ಮ ಸರ್ಕಾರದ ಆಯುಷ್ಯ ಹೇಳುವ ಪಾಠ ಇನ್ನೂ ಬಂದಿಲ್ಲ. ಹಾಗೆ ಹೇಳಿದರೆ ಯಾರೂ ನಂಬುವುದಿಲ್ಲವಾದ್ದರಿಂದ, "ನೋಡ್ರಿ, ಈಗ ಏನೂ ಹೇಳಾಕ ಬರೂದಿಲ್ಲ" ಎಂದು ಮುಖ ಗಂಭೀರ ಮಾಡಿಕೊಂಡು ಮುಂದೆ ಹೋಗುತ್ತೇನೆ. ಕೇಳಿದವರಿಗೆ ಏನೋ ಒಳಗಿನ ಸುದ್ದಿ ಸಿಕ್ಕಷ್ಟು ಸಮಾಧಾನವಾಗುತ್ತದೆ.

ಮನೆಯಲ್ಲಿ ಇಷ್ಟು ಸುಲಭವಾಗಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಪ್ಪ ಮತ್ತು ಕಾಕಾ ಸೇರಿ ದುರ್ಗದಬೈಲಿನಲ್ಲಿ ಬಳೆ ಅಂಗಡಿ ನಡೆಸುತ್ತಾರೆ. ಇಡೀ ದಿನ ಒಂದೇ ಗಲ್ಲಾಪೆಟ್ಟಿಗೆಯ ಹಿಂದೆ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕುಳಿತು, ಗಿರಾಕಿಯ ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿ ಹಿಡಿಯುವ ಈ ಅಣ್ಣತಮ್ಮಂದಿರು ಸಂಜೆ ಟಿ.ವಿ. ಮುಂದೆ ಕುಳಿತರೆ ಎರಡು ಬೇರೆ ದೇಶಗಳ ಪ್ರಜೆಗಳಾಗುತ್ತಾರೆ. ಅಪ್ಪನದೊಂದು ಪಕ್ಷ, ಕಾಕಾನದೊಂದು. ಒಬ್ಬರ ಚಾನೆಲ್ಲಿನಲ್ಲಿ ದೇಶ ಉದ್ಧಾರವಾಗಿರುತ್ತದೆ, ಇನ್ನೊಬ್ಬರ ಚಾನೆಲ್ಲಿನಲ್ಲಿ ಅದೇ ಹೊತ್ತಿಗೆ ಮುಳುಗುತ್ತಿರುತ್ತದೆ. ವಾದ ತುದಿ ಮುಟ್ಟಿದಾಗ ನನ್ನನ್ನು ಕರೆಯುತ್ತಾರೆ. "ನೀ ಓದಾಕತ್ತೀಯಲ್ಲ, ನೀನ ಹೇಳು." ನಾನು ಎರಡೂ ಕಡೆ ವಿಚಾರ ಮಾಡಬೇಕಾಗುತ್ತದೆ ಎನ್ನುತ್ತೇನೆ. "ಇಷ್ಟು ಹೇಳಾಕ ದಿನಾ ಧಾರವಾಡಕ್ಕ ಹೋಗಬೇಕೇನು?" ಎಂದು ಇಬ್ಬರೂ ಒಟ್ಟಿಗೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ನಾನು ಸಾಧಿಸಿರುವ ರಾಷ್ಟ್ರೀಯ ಐಕ್ಯ ಅದೊಂದೇ.

ಧಾರವಾಡಕ್ಕೆ ಹೋಗುವ ಬಸ್ಸಿನಲ್ಲೂ ರಾಜಕೀಯ ಬಿಡುವುದಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲಂತೂ ಅಲ್ಲಿ ನಾನು ಪ್ರಯಾಣಿಕಳಲ್ಲ, ಸರ್ಕಾರದ ಒಂದು ಯೋಜನೆ. ಒಂದು ದಿನ ಉಣಕಲ್ಲಿನಲ್ಲಿ ಹತ್ತಿದ ಹಿರಿಯರೊಬ್ಬರು ನನ್ನ ಸೀಟಿನ ಪಕ್ಕ ನಿಂತು, ಯಾರಿಗೂ ಅಲ್ಲ ಎಂಬಂತೆ, "ರೊಕ್ಕಾ ಕೊಟ್ಟವ್ರು ನಿಂದರಬೇಕು, ಕೊಡದವ್ರು ಕುಂದರಬೇಕು, ಛಲೋ ಆತಿದು" ಎಂದರು. ಈ ಯೋಜನೆಯ ಪರವಾಗಿ ಪುಟಗಟ್ಟಲೆ ಬರೆಯಬಲ್ಲ ನಾನು ಒಂದು ವಾದವನ್ನೂ ಮಂಡಿಸದೆ ಎದ್ದು ಸೀಟು ಕೊಟ್ಟೆ. ಅವರು ಕುಳಿತು, ನನ್ನ ಭಾರದ ಚೀಲವನ್ನು ತಾವೇ ಇಸಿದುಕೊಂಡು ತೊಡೆಯ ಮೇಲಿಟ್ಟುಕೊಂಡರು. ಹೆಣ್ಣುಮಕ್ಕಳು ಓದಬೇಕು, ಮುಂದೆ ಬರಬೇಕು ಎಂದು ನವಲೂರಿನವರೆಗೆ ಬುದ್ಧಿ ಹೇಳಿದರು. ಜನಾಭಿಪ್ರಾಯ ಎಂದರೆ ಏನು ಎಂಬ ಪ್ರಶ್ನೆಗೆ ನಾನು ಇಂದಿಗೂ ಸರಿಯಾದ ಉತ್ತರ ಬರೆಯಲಾರೆ.

ಇಂಥ ನಾನು ಅಧಿಕಾರಕ್ಕೆ ಬಂದದ್ದು ಕ್ಯಾಂಟೀನಿನಲ್ಲಿ ಆಡಿದ ಮಾತಿನಿಂದ. ಗಿರಮಿಟ್ ತಿನ್ನುವಾಗ ನನಗೆ ವಿಚಾರಗಳು ಬಹಳ ಸ್ಪಷ್ಟವಾಗಿ ಹೊಳೆಯುತ್ತವೆ. ಒಳ್ಳೆಯವರು ರಾಜಕೀಯಕ್ಕೆ ಬರದಿದ್ದರೆ ಪ್ರಜಾಪ್ರಭುತ್ವಕ್ಕೆ ಉಳಿಗಾಲವಿಲ್ಲ ಎಂದು ಹೇಳುತ್ತಿದ್ದೆ. ಎದುರಿಗೆ ಇಮ್ತಿಯಾಜ್ ಕುಳಿತಿದ್ದ. ಹಳೇ ಹುಬ್ಬಳ್ಳಿಯ ಮೆಕ್ಯಾನಿಕ್ ಒಬ್ಬರ ಮಗ. ಅವನಿಗೆ ಯಾವ ಯಂತ್ರವನ್ನಾದರೂ ಬಿಚ್ಚಿ ನೋಡುವ ಅಭ್ಯಾಸ, ಯಾವ ಮಾತನ್ನಾದರೂ ಕೂಡ. "ನಾಳೆ ನಮ್ಮ ಕ್ಲಾಸಿನ ಸಿ.ಆರ್. ಆರಿಸೋದು ಐತಿ. ನಾ ನಿಂದ್ರಾಕತ್ತೇನಿ. ನೀನೂ ನಿಂದ್ರು" ಎಂದ. ಸಿ.ಆರ್. ಎಂದರೆ ತರಗತಿಯ ಪ್ರತಿನಿಧಿ. ಹಾಜರಿ ಕಡಿಮೆಯಾದವರ ಪರವಾಗಿ ಬೈಸಿಕೊಳ್ಳುವುದು, ಫ್ಯಾನು ಕೆಟ್ಟರೆ ಆಫೀಸಿಗೆ ಅಲೆಯುವುದು ಅವರ ಕೆಲಸ. "ನನಗ ಇಂಥಾದ್ರಾಗ ಆಸಕ್ತಿ ಇಲ್ಲೋ" ಎಂದೆ. "ಹಂಗಾದ್ರ ಈಗ ಹೇಳಿದ್ದು ಯಾರಿಗೆ?" ಎಂದು ಚಹಾ ಕುಡಿದ. ಗಿರಮಿಟ್ ಅಲ್ಲಿಗೇ ರುಚಿ ಕಳೆದುಕೊಂಡಿತು. ಕ್ಯಾಂಟೀನಿನಿಂದ ಏಳುವ ಮೊದಲೇ ನಾನೂ ಹೆಸರು ಕೊಟ್ಟಾಗಿತ್ತು.

ಆ ದಿನವೇ ರೇಣುಕಾ ನನ್ನ ಹತ್ತಿರ ಬಂದಳು. ಕೆಲಗೇರಿ ದಾಟಿ ಒಳಗೆ ಹೋದರೆ ಸಿಗುವ ಹಳ್ಳಿಯವಳು ಆಕೆ. ಯಾವಾಗಲೂ ಬಾಗಿಲ ಪಕ್ಕದ ಬೆಂಚು, ಚೀಲ ಹೆಗಲಲ್ಲೇ. ಅವಳೂರಿನ ಬಸ್ಸು ಧಾರವಾಡದ ನಿಲ್ದಾಣದಿಂದ ಹೊರಡುವ ಹೊತ್ತಿಗೇ ನಮ್ಮ ದಿನದ ಕಡೆಯ ಕ್ಲಾಸು ಮುಗಿಯುತ್ತಿತ್ತು. ಆದ್ದರಿಂದ ದಿನವೂ ಪಾಠದ ನಡುವೆ ಸರ್ ಅವರಿಗೆ ಕಣ್ಣಲ್ಲೇ ಕ್ಷಮೆ ಕೇಳಿ ಎದ್ದು ಓಡುತ್ತಿದ್ದಳು. ಅದು ತಪ್ಪಿದರೆ ಮುಂದಿನ ಬಸ್ಸು ಊರು ಮುಟ್ಟುವಾಗ ಪೂರ್ತಿ ಕತ್ತಲಾಗುತ್ತದೆ. ಎರಡು ಸಲ ಹಾಗಾಗಿತ್ತು. ಇನ್ನೊಮ್ಮೆ ಆದರೆ ಕಾಲೇಜು ಸಾಕು ಎಂದು ಮನೆಯಲ್ಲಿ ಹೇಳಿದ್ದರು. "ನೀ ಗೆದ್ರ ಆ ಕಡೀ ಕ್ಲಾಸು ಮುಂದ ತರಸ್ತೀ?" ಎಂದು ಕೇಳಿದಳು. "ಅದೇನ್ ದೊಡ್ಡದು, ತರಸೂಣು" ಎಂದೆ. ಜೀವನದಲ್ಲಿ ಕೊಟ್ಟ ಮೊದಲ ಚುನಾವಣಾ ಭರವಸೆ. ಅದು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ನಮ್ಮ ನಾಯಕರ ಮೇಲೆ ಅಲ್ಲಿಯವರೆಗೆ ಇದ್ದ ಸಿಟ್ಟು ಅರ್ಧ ಇಳಿಯಿತು. ಪಾಪ, ಅವರಾದರೂ ಏನು ಮಾಡಿಯಾರು, ಭರವಸೆ ತಾನಾಗಿಯೇ ಬರುತ್ತದೆ.

ಗೆದ್ದೆ. ಬಹಳ ಅಂತರದಿಂದೇನೂ ಅಲ್ಲ. ಇಮ್ತಿಯಾಜ್ ಕೈ ಕುಲುಕಿ, "ಈಗ ನೀ ಸರ್ಕಾರ, ನಾ ವಿರೋಧ ಪಕ್ಷ" ಎಂದ. ತಮಾಷೆ ಎಂದುಕೊಂಡೆ. ಮರುದಿನದಿಂದ ಕ್ಯಾಂಟೀನಿನಲ್ಲಿ ಚಹಾ ಬರುವ ಮೊದಲೇ ಅವನ ಪ್ರಶ್ನೆ ಬರತೊಡಗಿತು. "ಕಡೀ ಕ್ಲಾಸಿಂದು ಏನಾತು?"

ನಾನೇನು ಸುಮ್ಮನೆ ಕುಳಿತಿರಲಿಲ್ಲ. ಮೊದಲು ವಿಭಾಗದ ಮುಖ್ಯಸ್ಥೆಯಾದ ಮೇಡಂ ಹತ್ತಿರ ಹೋದೆ. ಅವರು ಸಮಾಧಾನದಿಂದ ಕೇಳಿ, "ನಂದೇನೂ ಅಡ್ಡಿ ಇಲ್ಲವಾ. ಆದ್ರ ಆ ಕ್ಲಾಸ್ ತೊಗೊಳ್ಳೋವ್ರು ಅತಿಥಿ ಉಪನ್ಯಾಸಕರು. ಅವ್ರ ಅನುಕೂಲ ಕೇಳು" ಎಂದರು. ಅತಿಥಿ ಎಂಬ ಹೆಸರು ಕೇಳಿ ಅವರನ್ನು ಕೂರಿಸಿ ಉಪಚರಿಸುತ್ತಾರೆ ಎಂದು ಯಾರೂ ತಿಳಿಯಬಾರದು. ಆ ಸರ್ ಮಧ್ಯಾಹ್ನದವರೆಗೆ ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ಪಾಠ ಮಾಡಿ, ಬಸ್ಸಿನಲ್ಲಿ ನಿಂತುಕೊಂಡೇ ಬಂದು, ನಮಗೆ ಪಾಠ ಮಾಡುವವರು. ಕಲ್ಯಾಣ ರಾಜ್ಯದ ಕುರಿತು ಅವರು ಹೇಳುವಾಗ ದನಿಯಲ್ಲಿ ಒಂದು ವಿಷಾದ ಇರುತ್ತದೆ. "ಮಧ್ಯಾಹ್ನ ಲಗೂ ಬರಾಕ ಆಗೂದಿಲ್ಲ ನೋಡ್ರಿ. ಮುಂಜಾನೆ ಎಂಟಕ್ಕಂದ್ರ ಬರ್ತೇನಿ. ಮುಗಿಸಿ ಆ ಕಾಲೇಜಿಗೆ ಹೋಗ್ತೇನಿ" ಎಂದರು.

ಮುಂಜಾನೆ ಎಂಟು. ಹುಬ್ಬಳ್ಳಿಯಿಂದ ಬರುವವರು ಹೊತ್ತು ಮೂಡುವ ಮೊದಲೇ ಏಳಬೇಕು. ನನಗೆ ಓಟು ಹಾಕಿದವರಲ್ಲಿ ಹೆಚ್ಚಿನವರು ಹುಬ್ಬಳ್ಳಿಯವರು. ನಾನೂ ಹುಬ್ಬಳ್ಳಿಯವಳು. ಈ ವಿಷಯವನ್ನು ಇನ್ನಷ್ಟು ಆಳವಾಗಿ ಅಧ್ಯಯನ ಮಾಡುವ ಅಗತ್ಯವಿದೆ ಎಂದು ನನಗೆ ಆ ಕ್ಷಣದಲ್ಲೇ ಅನ್ನಿಸಿತು. ಬೇರೆ ದಾರಿ ಹುಡುಕಲು ಧಾರವಾಡದ ಬಸ್ ನಿಲ್ದಾಣಕ್ಕೆ ಹೋಗಿ, ರೇಣುಕಾಳ ಊರಿನ ಬಸ್ಸನ್ನು ಸ್ವಲ್ಪ ತಡವಾಗಿ ಬಿಡಲು ಆಗುತ್ತದೆಯೇ ಎಂದು ಕೇಳಿದೆ. ಅಲ್ಲಿದ್ದವರು ಬೈಯಲಿಲ್ಲ. "ಆ ಬಸ್ಸಿನ್ಯಾಗ ಹೈಸ್ಕೂಲ್ ಹುಡುಗ್ರು ಹೋಗ್ತಾವ್ರಿ. ತಡಾ ಮಾಡಿದ್ರ ಅವು ಕಾಯ್ಕೋತ ಕುಂದರಬೇಕು. ಅವುಕ್ಕೇನ್ ಹೇಳೂದು, ನೀವ ಹೇಳ್ರಿ" ಎಂದರು. ಟಿ.ವಿ. ನೋಡುತ್ತ ನಾನು ದೇಶಕ್ಕೆ ಸೂಚಿಸುವ ಪರಿಹಾರಗಳ ಹಿಂದೆಲ್ಲ ಇಂಥ ಹುಡುಗರು ಚೀಲ ಹಿಡಿದುಕೊಂಡು ಕಾಯುತ್ತಿರಬಹುದು ಎಂದು ಮೊದಲ ಸಲ ಹೊಳೆಯಿತು. ಇಮ್ತಿಯಾಜನಿಗೆ ಮಾತ್ರ, "ಪರಿಶೀಲನೆಯಲ್ಲಿದೆ" ಎಂದೆ. ಅದೂ ಗ್ರಾಂಥಿಕ ಕನ್ನಡದಲ್ಲಿ.

ಪರಿಶೀಲನೆ ನಡೆಯುತ್ತಿರುವಾಗಲೇ ಒಂದು ಸಂಜೆ ಕಡೆಯ ಕ್ಲಾಸಿನಲ್ಲಿ ಕಿರುಪರೀಕ್ಷೆ ಬಂತು. ಅದನ್ನು ಬಿಟ್ಟು ಏಳುವಂತಿರಲಿಲ್ಲ. ಬರೆದು ಮುಗಿಸಿದ ಮೇಲೆ ರೇಣುಕಾಳ ಜೊತೆ ನಾನೂ ಓಡಿದೆ. ನಿಲ್ದಾಣದಲ್ಲಿ ಅವಳ ಬಸ್ಸು ನಿಲ್ಲುವ ಜಾಗ ಖಾಲಿ ಇತ್ತು. ಅವಳು ಅಳಲಿಲ್ಲ. ಫೋನು ಮಾಡಿ, "ಅಪ್ಪಾ, ಬಸ್ ಹೋತು" ಎಂದಷ್ಟೇ ಹೇಳಿ ಬೆಂಚಿನ ಮೇಲೆ ಕುಳಿತಳು. ನಾನು ಎರಡು ಚಹಾ ತಂದೆ. ಅವಳದು ಆರಿ ಕೆನೆಗಟ್ಟಿತು. ಸ್ವಲ್ಪ ಹೊತ್ತಿಗೆ ಅವಳ ಅಪ್ಪ ಬೈಕಿನ ಮೇಲೆ ಬಂದರು, ಹೊಲದಿಂದ ನೇರವಾಗಿ ಬಂದಿದ್ದರೆಂದು ಕಾಣುತ್ತದೆ, ಕಾಲಿಗೆ ಮಣ್ಣು ಹಾಗೇ ಇತ್ತು. ಅವರು ಕೂಗಾಡುತ್ತಾರೆಂದು ಉತ್ತರಗಳನ್ನೆಲ್ಲ ಸಿದ್ಧ ಮಾಡಿಕೊಂಡಿದ್ದೆ. "ಊಟಾ ಆತೇನವಾ ನಿಂದು?" ಎಂದು ನನ್ನನ್ನು ಕೇಳಿದರು. ಆಮೇಲೆ, "ಓದಬ್ಯಾಡ ಅಂತ ನಾ ಅನ್ನೂದಿಲ್ಲ. ಆದ್ರ ದಿನಾ ಸಂಜೀಕ ಇಕಿ ಬರೂತನಕ ಇಕಿ ಅವ್ವ ರೊಟ್ಟಿ ಬಿಟ್ಟು ಬಾಗಲಾಗ ನಿಂತಿರತಾಳ. ಸೋಮವಾರದಿಂದ ಮನ್ಯಾಗ ಕುಂತ ಓದ್ಲಿ. ಪರೀಕ್ಷಾಕ್ಕ ಬಂದು ಬರೀತಾಳ" ಎಂದರು. ಹಾಜರಿ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ರೇಣುಕಾಳಿಗೂ ನನಗೂ ಗೊತ್ತಿತ್ತು. ಅವಳು ನನ್ನ ಕಡೆ ತಿರುಗಿ ನೋಡದೆ ಬೈಕಿನ ಹಿಂದೆ ಕುಳಿತಳು. "ಎರಡ ದಿವಸ ಅವಕಾಶ ಕೊಡ್ರಿ ಕಾಕಾ" ಎಂದು ನಾನು ಹೇಳಿದ್ದು ಬೈಕಿನ ಸದ್ದಿನಲ್ಲಿ ಅವರಿಗೆ ಕೇಳಿಸಿತೋ ಇಲ್ಲವೋ, ತಲೆಯನ್ನಂತೂ ಅಲ್ಲಾಡಿಸಿದರು.

ಮರುದಿನ ರೇಣುಕಾ ಬಂದಳು. ಮೇಡಂ ಅಪ್ಪಣೆ ಪಡೆದು ನಾನು ಮಧ್ಯಾಹ್ನ ಇಡೀ ಕ್ಲಾಸನ್ನು ಕೂಡಿಸಿ ಎಂಟು ಗಂಟೆಯ ಮಾತು ಎತ್ತಿದೆ. ಹುಬ್ಬಳ್ಳಿಯವರೆಲ್ಲ ಏಕಕಾಲಕ್ಕೆ ಮಾತಾಡತೊಡಗಿದರು. ನನ್ನ ಪರವಾಗಿ ಬೆಂಚು ಬೆಂಚಿಗೆ ಹೋಗಿ ಪ್ರಚಾರ ಮಾಡಿದ ಗೆಳತಿಯೇ ಎದ್ದು, "ಒಬ್ಬಾಕಿ ಸಲುವಾಗಿ ಎಲ್ಲಾರೂ ನಿದ್ದಿ ಕೆಡಿಸ್ಕೋಬೇಕೇನು?" ಎಂದಳು. ನಾನು ಅಲ್ಪಸಂಖ್ಯಾತರ ಹಿತ, ಬಹುಮತದ ಹೊಣೆ ಎಂದೆಲ್ಲ ಶುರು ಮಾಡಿದೆ. ಪಾಠ ಶುರುವಾಯಿತೆಂದು ತಿಳಿದು ಹಿಂದಿನ ಬೆಂಚಿನವರು ಫೋನು ತೆಗೆದರು. ಆಗ ರೇಣುಕಾ ಎದ್ದು ನಿಂತಳು. ಕ್ಲಾಸಿನಲ್ಲಿ ಅವಳ ದನಿಯನ್ನು ಅಷ್ಟು ಗಟ್ಟಿಯಾಗಿ ಯಾರೂ ಕೇಳಿರಲಿಲ್ಲ.

"ನನ್ನ ಮ್ಯಾಲೆ ಕನಿಕರ ಬ್ಯಾಡ. ನಾ ಅಡ್ಮಿಶನ್ ಆದಾಗಿಂದ ಈ ಪೇಪರಿಂದು ಒಂದ ಪಾಠಾನೂ ಪೂರಾ ಕೇಳಿಲ್ಲ. ಪ್ರತಿಯೊಂದು ಅರ್ಧಾ ಗೊತ್ತೈತಿ. ನಿಮ್ಮಂಗ ನಾನೂ ಸೀಟು ತೊಗೊಂಡ ಬಂದೇನಿ. ಪೂರಾ ಕೇಳಬೇಕಂತ ಆಸೆ ಐತಿ, ಅಷ್ಟ."

"ನಾವು ಕುಂತೂ ಕೇಳಿಲ್ಲ ತಗೋ" ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು, ರೇಣುಕಾ ಕೂಡ. ನಗು ನಿಲ್ಲುವಾಗ ಇಮ್ತಿಯಾಜ್ ಎದ್ದ. ನನ್ನ ಸರ್ಕಾರ ಬೀಳಿಸಲು ಅವನಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. "ಸಿ.ಆರ್. ಭಾಳ ತಡಾ ಮಾಡ್ಯಾಳ, ಅದನ್ನ ನಾ ಬಿಡೂದಿಲ್ಲ" ಎಂದು ಮೊದಲು ನನಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದ. "ಆದ್ರ ನಾ ಹಳೇ ಹುಬ್ಬಳ್ಳಿಯಿಂದ ಬರಾಂವ. ನಿಮಗೆಲ್ಲಾರಿಗಿಂತ ದೂರ. ನಾ ಎಂಟಕ್ಕ ಬರ್ತೇನಿ. ಬ್ಯಾರೇ ಯಾರಿಗೆ ಆಗೂದಿಲ್ಲ, ಕೈ ಎತ್ರಿ." ಅವನ ಮುಂದೆ ಕೈ ಎತ್ತುವುದು ಸುಲಭವಿರಲಿಲ್ಲ. ಕೆಲವರು ಎತ್ತಿದರು, ಗೆಳತಿಯೂ ಎತ್ತಿದಳು. ಆದರೆ ಎತ್ತದವರು ಹೆಚ್ಚಿದ್ದರು. ಮಸೂದೆ ಪಾಸಾಯಿತು. ಹೊರಗೆ ಬಂದಾಗ ಅವನಿಗೆ ಥ್ಯಾಂಕ್ಸ್ ಹೇಳಲು ಹೋದೆ. "ನಿನ್ನ ಸಲುವಾಗಿ ಮಾಡಿಲ್ಲ. ಚಾ ಕುಡಿಸು" ಎಂದ.

ಈಗ ಎಂಟರ ಕ್ಲಾಸು ನಡೆಯುತ್ತಿದೆ. ರೇಣುಕಾ ಊರಿನ ಮೊದಲ ಬಸ್ಸಿಗೆ ಬಂದು, ಎಲ್ಲರಿಗಿಂತ ಮುಂಚೆ ಕ್ಲಾಸಿನ ಕಿಟಕಿ ತೆರೆದು ಕುಳಿತಿರುತ್ತಾಳೆ. ಚೀಲ ಬೆಂಚಿನ ಮೇಲಿರುತ್ತದೆ. ಅವಳ ಅಪ್ಪ ಒಮ್ಮೆ ಅವಳ ಕೈಯಲ್ಲಿ ಹಸಿ ಕಡಲೆಯ ಕಟ್ಟು ಕಳಿಸಿದ್ದರು. ನಾವೆಲ್ಲ ಕ್ಲಾಸಿನಲ್ಲೇ ಸುಲಿದು ತಿಂದು ಸರ್ ಅವರಿಂದ ಬೈಸಿಕೊಂಡೆವು, ಆಮೇಲೆ ಸರ್ ಕೂಡ ತಿಂದರು. ನನ್ನ ಸ್ಥಿತಿ ಬೇರೆ. ಮುಂಜಾನೆ ಅವ್ವ ನನ್ನನ್ನು ಎಬ್ಬಿಸುವ ಸದ್ದಿಗೆ ಪಕ್ಕದ ಮನೆಯವರು ಏಳುತ್ತಾರೆ, ನಾನು ಏಳುವುದಿಲ್ಲ. ಹೇಗೋ ಬಸ್ಸು ಹಿಡಿದು ಕಂಬಕ್ಕೆ ತಲೆ ಆನಿಸಿದರೆ, ಹಿಂದಿನ ಸೀಟಿನಲ್ಲಿ ನನ್ನದೇ ಕ್ಲಾಸಿನವರು ದುಪಟ್ಟಾದೊಳಗಿನಿಂದ ಸಿ.ಆರ್. ಅನ್ನು ಬೈಯುತ್ತಿರುವುದು ಕೇಳುತ್ತದೆ. ತಿರುಗಿ ನೋಡುವುದಿಲ್ಲ. ಬೈಗುಳಗಳು ನ್ಯಾಯವಾಗಿಯೇ ಇರುತ್ತವೆ. ಒಂದೆರಡು ಸಲ ನಿದ್ದೆಯ ಮಂಪರಿನಲ್ಲಿ ನಾನೂ ಹೂಂಗುಟ್ಟಿದ್ದೇನೆ.

ಮೊನ್ನೆ ಊಟಕ್ಕೆ ಕುಳಿತಾಗ ಟಿ.ವಿ. ಆರಿತ್ತು, ಕರೆಂಟು ಹೋಗಿದ್ದರಿಂದ. ಮಾತಿಗೆ ಬೇರೆ ವಿಷಯವಿಲ್ಲದೆ ಕಾಕಾ ನನ್ನ ಕಡೆ ತಿರುಗಿ, "ಮುಂದಿನ ವರ್ಷಾನೂ ನಿಲ್ತೀ ಏನವಾ ಎಲೆಕ್ಷನ್ನಿಗೆ?" ಎಂದು ಕೇಳಿದರು. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಸಾಕಾಗಿತ್ತು, ದೇವರಾಣೆ. ಬಾಯಿಂದ ಬಂದ ಮಾತು ಮಾತ್ರ ಟಿ.ವಿ.ಯಲ್ಲಿ ನಾಯಕರು ದಿನವೂ ಹೇಳುವಂಥದ್ದು:

"ನಾನಾಗಿ ಕೇಳಾಕ ಹೋಗೂದಿಲ್ಲ ಕಾಕಾ. ಎಲ್ಲಾರೂ ಬೇಕಂದ್ರ ಅವಾಗ ವಿಚಾರ ಮಾಡೂಣು."

ಅಪ್ಪನೂ ಕಾಕಾನೂ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪ ರೊಟ್ಟಿ ಮುರಿಯುತ್ತ ಹೇಳಿದರು, "ಇಕಿದು ಎಂ.ಎ. ಮುಗೀತು ತಗೋ."