ಕೇಳದೆ ಒಳಗೆ ಬರಬೇಡಿ

ಎಲ್ಲದಕ್ಕೂ ಕಾರಣ ಕರಿಬೇವಿನ ಗಿಡ. ಅದು ಕುಸುಮಾವತಿಯ ಮನೆಯ ಹಿತ್ತಲಲ್ಲಿ, ಅಡುಗೆಮನೆಯ ಹಿಂದಿನ ಕೋಣೆಗೆ ಒರಗಿಕೊಂಡು ಬೆಳೆದಿತ್ತು. ತಿರುವನಂತಪುರದಲ್ಲಿ ಆ ಕೋಣೆಗೆ ವರ್ಕ್ ಏರಿಯಾ ಎನ್ನುತ್ತಾರೆ. ಕಾಯಿ ತುರಿಯುವುದು, ಮೀನು ಹೆಚ್ಚುವುದು ಎಲ್ಲ ಅಲ್ಲೇ. ಕುಸುಮಾವತಿ ಮಾತ್ರ ಹೆಸರನ್ನು ನಂಬಿ ಅಲ್ಲಿ ನಿಜವಾಗಿಯೂ ಕೆಲಸ ಶುರುಮಾಡಿದ್ದಳು.

ಗಂಡ ಉಪೇಂದ್ರ ತುಂಬ ಎಂಬಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ ಇಂಜಿನಿಯರು. ಯಾವುದೋ ಹುರುಪಿನಲ್ಲಿ ಅವನು ಕೊಂಡು ಮರೆತ ಪುಟ್ಟ ಮಿಲ್ಲಿಂಗ್ ಯಂತ್ರ ಅಲ್ಲಿ ಗೋಣಿ ಹೊದ್ದು ಮಲಗಿತ್ತು. ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಕಬ್ಬಿಣದ ಮೇಜು ಸರಿಯುತ್ತದೆ, ಮೇಲೆ ಗಿರಗಿರನೆ ತಿರುಗುವ ಮೊನೆ ಮರವನ್ನು ಕೆತ್ತುತ್ತದೆ. ಬ್ಯಾಂಕಿನಿಂದ ಅವಧಿಗೆ ಮುಂಚೆ ನಿವೃತ್ತಿ ಪಡೆದ ಕುಸುಮಾವತಿ ಮೂರೂ ಹಿಡಿಕೆ ಕಿತ್ತು, ಆ ಜಾಗದಲ್ಲಿ ಅಗ್ಗದ ಮೋಟಾರುಗಳನ್ನು ಕೂರಿಸಿ, ಅಂಗೈಯಗಲದ ಬೋರ್ಡಿಗೆ ತಂತಿ ಎಳೆದು, ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪಿಗೆ ಜೋಡಿಸಿದ್ದಳು. ಇನ್ನು ಕಂಪ್ಯೂಟರ್ ಹೇಳಿದಂತೆ ಯಂತ್ರ ಕುಣಿಯಬೇಕು.

ಕುಣಿಯಲು ಜನ ಬಿಡಬೇಕಲ್ಲ. ಪಕ್ಕದ ಮನೆಯ ಸರೋಜ ಚೇಚಿ, ನಮ್ಮ ಲೆಕ್ಕದಲ್ಲಿ ಸರೋಜಕ್ಕ, ಕರಿಬೇವಿಗೆಂದು ಹಿಂಬಾಗಿಲಿನಿಂದ ಬಂದು, ಹೋಗುವಾಗ ಒಂದು ತಂತಿ ಎತ್ತಿ "ಎಂದಾ ಮೋಳೇ ಇದ್?", ಏನು ಮಗಳೇ ಇದು, ಎಂದು ಎಳೆದು ನೋಡುತ್ತಿದ್ದಳು. ಉಪೇಂದ್ರ ಚಾರ್ಜರ್ ಹುಡುಕಿಕೊಂಡು ಬರುತ್ತಿದ್ದ. ಕುಸುಮಾವತಿ ತನ್ನ ಜೀವಮಾನದಲ್ಲಿ ಚಿಲಕ ಹಾಕಿಕೊಂಡ ಕೋಣೆಯೆಂದರೆ ಬಚ್ಚಲೊಂದೇ. ಅದರ ಬಾಗಿಲನ್ನೂ ಯಾರಾದರೂ ಬಡಿಯುತ್ತಲೇ ಇದ್ದರು.

ಹಾಗಾಗಿ ಮೊದಲು ಕೆತ್ತುವುದೇನೆಂದು ನಿಶ್ಚಯವಾಗಿತ್ತು: ವರ್ಕ್ ಏರಿಯಾದ ಬಾಗಿಲಿಗೊಂದು ಹಲಗೆ. 'ಕೇಳದೆ ಒಳಗೆ ಬರಬೇಡಿ.' ತನ್ನದೇ ಕೈಬರಹ, ಕನ್ನಡದಲ್ಲಿ. ಮಲಯಾಳಂ ಅವಳಿಗೆ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ. ಚೇಚಿ ಅರ್ಥ ಕೇಳಿದರೆ ಬಾಯಲ್ಲಿ ಹೇಳಿದರಾಯಿತು.

ಅವಳ ಈ ಹುಚ್ಚು ಅರ್ಥವಾಗುತ್ತಿದ್ದದ್ದು ಒಬ್ಬಳಿಗೇ, ಕೊಚ್ಚಿಯ ವೈಟ್ಟಿಲದಲ್ಲಿ ಇಂಥದೇ ಯಂತ್ರವನ್ನು ಮಲಗುವ ಕೋಣೆಯಲ್ಲಿ ಇಟ್ಟುಕೊಂಡಿದ್ದ ಮೈಸೂರಿನ ನಂದಿತಾಗೆ. ಪರಿಚಯ ಫೋನಿನಲ್ಲಷ್ಟೇ, ಮುಖ ನೋಡಿರಲಿಲ್ಲ. "ಕನ್ನಡದ ಅಕ್ಷರ ಎಲ್ಲಾ ಗುಂಡಗೆ ಅಕ್ಕ. ತಿರುಪು ಕೂದಲೆಳೆಯಷ್ಟು ಸಡಿಲ ಇದ್ರೂ ಸೊನ್ನೆ ಮೊಟ್ಟೆ ಆಗತ್ತೆ" ಎಂದು ಎಚ್ಚರಿಸಿ, ಸಡಿಲ ತೆಗೆಯುವುದನ್ನು ಕಲಿಸಿದವಳು ಅವಳು. ಈಗ ಆಫೀಸಿನ ತರಬೇತಿಗೆಂದು ಇದೇ ಊರಿನ ಶ್ರೀಕಾರ್ಯಂಗೇ ಬಂದಿದ್ದಳು, ನಾಳೆ ಬೆಳಿಗ್ಗೆ ವಾಪಸು. "ಇವತ್ತು ಹರತಾಳ ಮುಗಿದ ಮೇಲೆ ಸಂಜೆ ಬರ್ತೀನಿ. ಕೆತ್ತಿದ್ದನ್ನ ಮುಟ್ಟಿ ನೋಡ್ಬೇಕು." ಮನೆಗೆ ಯಾರೋ ಬರುತ್ತಾರೆಂದು ಕುಸುಮಾವತಿಗೆ ಖುಷಿಯಾಗಿ ಎಷ್ಟು ಕಾಲವಾಗಿತ್ತೋ.

ಆದರೆ ಹರತಾಳವೆಂದರೆ ಬಸ್ಸಿಲ್ಲ, ಆಫೀಸಿಲ್ಲ, ಅಂಗಡಿಯಿಲ್ಲ. ಇಡೀ ಬೀದಿ ತಿಂಡಿ ತಿಂದು, ಇನ್ನೊಬ್ಬರ ಮನೆಯಲ್ಲಿ ಏನಾದರೂ ನಡೆಯಲಿ ಎಂದು ಕಾಯುತ್ತಿರುತ್ತದೆ.

ಕುಸುಮಾವತಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಎಡಕ್ಕೆ ಹೋಗಬೇಕಾದ ಮೇಜು ಬಲಕ್ಕೆ ನುಗ್ಗಿ ಉಪ್ಪಿನಕಾಯಿ ಜಾಡಿಯನ್ನು ಕೆಡವಿತು.

"ಏನೇ ಅದು? ಕುಕ್ಕರ್ ಸಿಡೀತಾ?" ಉಪೇಂದ್ರ ಓಡಿಬಂದ.

"ಏನಿಲ್ಲಾರೀ. ಒಂದು ಜೊತೆ ತಂತಿ ಅದಲುಬದಲು ಮಾಡಿದ್ರೆ ಸರಿಹೋಗತ್ತೆ. ನೀವು ಹೋಗಿ."

"ತಾಳು ತಾಳು, ಹಾಗೆಲ್ಲ ಮುಟ್ಟಬಾರ್ದು. ವೀರಭದ್ರನ್ನ ಕರೀತೀನಿ."

ಉಪೇಂದ್ರನ ಸಹೋದ್ಯೋಗಿ, ಹುಬ್ಬಳ್ಳಿಯ ವೀರಭದ್ರ, ಹಿಂದಿನ ಬೀದಿಯಿಂದ ಲುಂಗಿಯಲ್ಲೇ ಬಂದ. "ಏನ್ರೀ ಅಕ್ಕಾರ, ರಿವ್ಯೂ ಇಲ್ದನ ಹಾರಸಾಕ ಹೊಂಟೀರೇನು? ನಮ್ಮಲ್ಲೆ ಒಂದು ನಟ್ಟು ಬಿಗೀಬೇಕಂದ್ರೂ ಮೂರು ಕಮಿಟಿ ಕೂಡ್ತಾವ."

"ಇದು ರಾಕೆಟ್ ಅಲ್ಲ, ಹಲಗೆ."

"ಹಲಗಿಗೂ ಒಂದು ಮರ್ಯಾದಿ ಐತ್ರಿ."

ಕಮಿಟಿ ಕೂತಿತು. ಅವಳು ಎರಡು ಸಲ ಚಹಾ ಮಾಡಿದಳು, ಒಂದು ಸಲ ಊಟ ಬಡಿಸಿದಳು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಇಬ್ಬರೂ ಗಂಭೀರವಾಗಿ ತೀರ್ಮಾನಕ್ಕೆ ಬಂದರು: ಒಂದು ಜೊತೆ ತಂತಿ ಅದಲುಬದಲು ಮಾಡಬೇಕು.

ಅಷ್ಟರಲ್ಲಿ ಸರೋಜ ಚೇಚಿ ಹಿಂಬಾಗಿಲಿನಲ್ಲಿ ಪ್ರತ್ಯಕ್ಷಳಾದಳು. "ಹೊಸ ಕೆಲಸ ಶುರುಮಾಡುವಾಗ ಕಾಯಿ ಒಡೆಯದಿದ್ದರೆ ಹೇಗೆ?" ಎಂದು ಮಲಯಾಳಂನಲ್ಲಿ ಗದರಿ, ಕೈಯಲ್ಲಿದ್ದ ತೆಂಗಿನಕಾಯಿಯನ್ನು ಯಂತ್ರದ ಮೇಜಿಗೇ ಅಪ್ಪಳಿಸಿದಳು. ಕಾಯಿನೀರು ಸೀದಾ ಬೋರ್ಡಿನ ಕಡೆ ಹರಿಯಿತು. ಕುಸುಮಾವತಿ ಸೆರಗಿನಿಂದ ಅಣೆಕಟ್ಟು ಕಟ್ಟಿ, ಬೋರ್ಡನ್ನು ಬಾಣಂತಿ ಕೂಸನ್ನೆತ್ತಿಕೊಂಡಂತೆ ಎತ್ತಿಕೊಂಡಳು.

ಎಲ್ಲ ಒಣಗಿದ ಮೇಲೆ ತಂತಿ ಬದಲಿಸಿ, ಹೆಬ್ಬಲಸಿನ ಹಲಗೆ ಬಿಗಿದದ್ದಾಯಿತು. ವೀರಭದ್ರ ಹತ್ತರಿಂದ ಹಿಂದಕ್ಕೆ ಎಣಿಸಿದ. ಕುಸುಮಾವತಿಯ ಬೆರಳು ಗುಂಡಿಯ ಹತ್ತಿರ ಬರುವಷ್ಟರಲ್ಲಿ ಉಪೇಂದ್ರ ಒತ್ತಿಬಿಟ್ಟಿದ್ದ. ತುಂಬದಲ್ಲಿ ಇಷ್ಟು ವರ್ಷ ದುಡಿದರೂ ಅವನಿಗೆ ಯಾರೂ ಗುಂಡಿ ಒತ್ತಲು ಕೊಟ್ಟಿರಲಿಲ್ಲ, ಪಾಪ.

ಮೊನೆ ಇಳಿಯಿತು. ಹೊಟ್ಟು ಹಾರಿತು. ಮೊದಲ ಅಕ್ಷರ ಎದ್ದಿತು: ಕೇ.

"ಕೇರಳ!" ಎಂದು ಉಪೇಂದ್ರ ಕೂಗಿದ. "ಭೇಷ್ ಕಣೇ, ಇವರಿಗೆಲ್ಲ ಖುಷಿ ಆಗತ್ತೆ."

ಕೇರಳ ಎಂಬುದನ್ನು ಕೇಳಿಸಿಕೊಂಡ ಸರೋಜ ಚೇಚಿಯ ಮುಖ ಅರಳಿತು. ಮುಂದೆ ಳ, ಆಮೇಲೆ ದೆ. ಉಪೇಂದ್ರ ಗುಂಡಿಯ ಮೇಲಿಂದ ಬೆರಳು ತೆಗೆದ. 'ಒಳಗೆ' ಮುಗಿಯುವಾಗ ವೀರಭದ್ರ ಲುಂಗಿ ಸರಿಮಾಡಿಕೊಂಡು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಿದ್ದ. ಕೊನೆಯ 'ಡಿ' ಬರುವ ಹೊತ್ತಿಗೆ ಕೋಣೆಯಲ್ಲಿ ಹಲ್ಲು ಕಾಣುವಂತೆ ನಗುತ್ತಿದ್ದವಳು ಚೇಚಿ ಒಬ್ಬಳೇ.

ಅಕ್ಷರಗಳು ಮಾತ್ರ ದುಂಡು ಮಲ್ಲಿಗೆಯ ಮೊಗ್ಗಿನಂತೆ ಬಂದಿದ್ದವು.

"ಏನು ಬರೆದಿದೆ?" ಚೇಚಿ ಕೇಳಿದಳು.

ಕುಸುಮಾವತಿ ಉಸಿರೆಳೆದುಕೊಂಡಳು. ಅವಳು ಬಾಯಿ ತೆರೆಯುವ ಮೊದಲೇ ಉಪೇಂದ್ರ ಹೇಳಿದ: "ಸ್ವಾಗತಂ."

ಚೇಚಿಯ ಕಣ್ಣು ತುಂಬಿಬಂತು. "ಇಷ್ಟು ವರ್ಷ ಹಿಂಬಾಗಿಲಿನಿಂದ ಬರುತ್ತಿದ್ದೇನೆ. ನಿನಗೆ ಇಷ್ಟವಿಲ್ಲವೇನೋ ಅಂತ ಒಂದೊಂದು ಸಲ ಅನ್ನಿಸುತ್ತಿತ್ತು ಮೋಳೇ."

ಕುಸುಮಾವತಿ ಆರು ತಿಂಗಳಿಂದ ಹುರಿಮಾಡಿಟ್ಟುಕೊಂಡ ವಾಕ್ಯ ಹಲಗೆಯ ಮೇಲಷ್ಟೇ ಉಳಿಯಿತು. ಆ ಕಣ್ಣುಗಳನ್ನು ನೋಡಿಕೊಂಡು ಅದನ್ನು ಹೇಳುವ ಧೈರ್ಯ ಯಾವ ಅಂಗಡಿಯಲ್ಲೂ ಸಿಗುವಂತಿರಲಿಲ್ಲ.

"ಛೇ, ಹಾಗೇನಿಲ್ಲ ಚೇಚಿ" ಎಂದಳು.

"ಇಂಥದ್ದು ಹಿತ್ತಲ ಬಾಗಿಲಲ್ಲಿ ಇರಬಾರದು" ಎಂದು ಚೇಚಿ ಹಲಗೆಯನ್ನು ಎತ್ತಿಕೊಂಡು ಹೋಗಿ, ಮುಂದಿನ ಗೇಟಿಗೆ ತಾನೇ ಬಿಗಿದು ಕಟ್ಟಿದಳು. ಬೀದಿಯ ವಾಟ್ಸಾಪ್ ಗುಂಪಿಗೆ ಫೋಟೋ ಹೋಯಿತು. ಅರ್ಧ ಗಂಟೆಯಲ್ಲಿ ವರ್ಕ್ ಏರಿಯಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಂಗೆ ಎಲ್ಲರಿಗೂ ಒಂದೊಂದು ಬೇಕಂತೆ, ಇದೇ ಅಕ್ಷರದಲ್ಲೇ ಆಗಬೇಕಂತೆ. ಚೇಚಿಯ ಮನೆಗೆಂದು ಇನ್ನೊಂದು ಹಲಗೆಯನ್ನು ಆಗಲೇ ಯಂತ್ರಕ್ಕೆ ಬಿಗಿದಾಗಿತ್ತು, ಆಗಲೇ ಉಪೇಂದ್ರ ಗುಂಡಿಯನ್ನೂ ಒತ್ತಿದ್ದ.

ಮತ್ತೆ ಚಹಾಕ್ಕೆಂದು ಅಡುಗೆಮನೆಗೆ ಬಂದಾಗ ಕುಸುಮಾವತಿ ಫೋನ್ ನೋಡಿದಳು. ನಂದಿತಾಳ ಎರಡು ಕರೆ ತಪ್ಪಿಹೋಗಿದ್ದವು. ಕೆಳಗೆ ಸಂದೇಶ:

"ಅಕ್ಕ, ಗೇಟಿನ ತನಕ ಬಂದಿದ್ದೆ. ಬೋರ್ಡ್ ಓದಿದೆ. ಕೇಳೋಣ ಅಂತ ಫೋನ್ ಮಾಡಿದೆ, ನೀವು ಎತ್ತಲಿಲ್ಲ. ಕೇಳದೆ ಹೇಗೆ ಬರೋದು ಅಂತ ಆಟೋ ಹತ್ತಿ ಹೊರಟೆ. ಅಕ್ಷರ ಎಷ್ಟು ಚೆನ್ನಾಗಿ ಬಂದಿದೆ! ಒಂದೂ ಮೊಟ್ಟೆ ಆಗಿಲ್ಲ."

ಕುಸುಮಾವತಿ ಗೇಟು ದಾಟಿ ಓಡಿದಳು. ಹರತಾಳ ಮುಗಿದ ರಸ್ತೆಯಲ್ಲಿ ಆಟೋಗಳೇನೋ ಬೇಕಾದಷ್ಟಿದ್ದವು, ಎಲ್ಲವೂ ಹಿಂಬದಿ ತೋರಿಸಿಕೊಂಡು ಹೋಗುತ್ತಿದ್ದವು. ತಿರುಗಿ ಬಂದು ತನ್ನ ಗೇಟಿನ ಮುಂದೆ ನಿಂತು, ತನ್ನ ಕೈಬರಹವನ್ನು ಒಮ್ಮೆ ಪೂರ್ತಿ ಓದಿದಳು.

ಒಳಗಿನಿಂದ ಸರೋಜ ಚೇಚಿ ಕೂಗಿದಳು: "ಅಲ್ಲೇಕೆ ನಿಂತೆ ಮೋಳೇ? ಸಂಕೋಚ ಬೇಡ, ಒಳಗೆ ಬಾ!"